ಆದಾಮನನ್ನು ಬಿಟ್ಟರೆ ಯೇಸುವನ್ನೂ ಬಿಡಬೇಕೇ?

ಪ್ರಶ್ನೆ: ನಾನು ತಳಿವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಅಪ್ಪ ಸಭೆಯ ಹಿರಿಯರು. ಪ್ರಾರ್ಥನೆ, ಸತ್ಯವೇದದ ಓದು ಚಿಕ್ಕಂದಿನಿಂದ ನಮ್ಮ ಮನೆಯ ದಿನಚರಿ. ನಾನೂ ಸಂಡೇ ಸ್ಕೂಲಿನಲ್ಲಿ ಕಲಿಸುತ್ತೇನೆ. ಜೀವವಿಕಾಸ ನಡೆದಿದೆ ಎಂಬುದರಲ್ಲಿ ನನಗೀಗ ಅನುಮಾನ ಉಳಿದಿಲ್ಲ. ಅದನ್ನು ಮನೆಯಲ್ಲಿ ಹೇಳಿದಾಗ ಅಪ್ಪ, ‘ಮೊದಲ ಮನುಷ್ಯ ಆದಾಮ ಕಟ್ಟುಕತೆಯಾದರೆ ಯೇಸುವೂ ಕಟ್ಟುಕತೆ. ಯಾವುದು ಬೇಕೋ ಆರಿಸಿಕೋ’ ಎಂದರು. ಅಮ್ಮ ಅತ್ತುಬಿಟ್ಟರು. ಸಹಪಾಠಿಗಳು, ‘ಇಷ್ಟು ಓದಿಯೂ ದೇವರೇ?’ ಎಂದು ನಗುತ್ತಾರೆ. ಪ್ರಾರ್ಥನೆಗೆ ಮೊಣಕಾಲೂರಿದರೆ ನಾನು ಕಪಟಿ ಅನ್ನಿಸುತ್ತದೆ. ಮುಂದಿನ ತಿಂಗಳು ಮಕ್ಕಳಿಗೆ ಸೃಷ್ಟಿಯ ಕತೆಯಿರುವ ಆದಿಕಾಂಡದ ಪಾಠ ಬೇರೆ ನನ್ನ ಪಾಲಿಗೆ ಬಂದಿದೆ. ಯಾವುದನ್ನು ಬಿಡಲಿ?

ಉತ್ತರ: ಸದ್ಯಕ್ಕೆ ಯಾವುದನ್ನೂ ಬಿಡಬೇಡಿ. ನಿಮ್ಮ ತಂದೆಯವರೂ ಸಹಪಾಠಿಗಳೂ ಎದುರುಬದುರು ನಿಂತು ಒಂದೇ ಷರತ್ತು ಹಾಕುತ್ತಿದ್ದಾರೆ. ಆ ಷರತ್ತನ್ನು ಒಪ್ಪಿಕೊಳ್ಳಲೇಬೇಕೆಂದು ಯಾರು ಹೇಳಿದರು?

ಐದನೆಯ ಶತಮಾನದ ಆರಂಭದಲ್ಲಿ, ಎಂದರೆ ಡಾರ್ವಿನ್ ಹುಟ್ಟುವುದಕ್ಕೆ ಸುಮಾರು ಸಾವಿರದ ನಾನೂರು ವರ್ಷ ಮೊದಲು, ಕ್ರೈಸ್ತ ಧರ್ಮಶಾಸ್ತ್ರಜ್ಞರಾದ ಸಂತ ಅಗಸ್ಟೀನ್ ಆದಿಕಾಂಡಕ್ಕೆ ವ್ಯಾಖ್ಯಾನ ಬರೆಯುತ್ತ, ಸೃಷ್ಟಿಯ ಆರು ದಿನಗಳು ನಾವು ಎಣಿಸುವಂಥ ದಿನಗಳಲ್ಲ ಎಂದರು. ಸೂರ್ಯನೇ ಉಂಟಾಗುವುದು ನಾಲ್ಕನೆಯ ದಿನ ಅಲ್ಲವೇ? ಅವರು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು. ಪ್ರಕೃತಿಯ ಬಗ್ಗೆ ಅನ್ಯರು ಅನುಭವದಿಂದ ಬಲ್ಲ ಸಂಗತಿಗಳ ಕುರಿತು ಕ್ರೈಸ್ತನೊಬ್ಬ ಧರ್ಮಗ್ರಂಥದ ಹೆಸರಿನಲ್ಲಿ ಅಸಂಬದ್ಧ ಮಾತಾಡಿದರೆ, ಪುನರುತ್ಥಾನದ ಬಗ್ಗೆ ಅವನು ಹೇಳುವುದನ್ನು ಯಾರು ನಂಬುತ್ತಾರೆ ಎಂದು. ಅಗಸ್ಟೀನರಿಗೆ ವಿಕಾಸ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಆದಾಮ ನಿಜವಾದ ಮನುಷ್ಯನೆಂದೇ ಅವರು ನಂಬಿದ್ದರು. ಆದರೆ ಆದಿಕಾಂಡವನ್ನು ಅಕ್ಷರಶಃ ಓದದವನು ವಿಶ್ವಾಸಿಯೇ ಅಲ್ಲ ಎಂಬ ಮಾತು ಅವರ ಮುಂದೆ ನಿಲ್ಲುವುದಿಲ್ಲ.

1859ರಲ್ಲಿ ಡಾರ್ವಿನ್ನರ ಪುಸ್ತಕ ಬಂದಾಗ ಅಮೆರಿಕದಲ್ಲಿ ಅದರ ಪರವಾಗಿ ಮೊದಲು ನಿಂತವರಲ್ಲಿ ಹಾರ್ವರ್ಡ್‌ನ ಸಸ್ಯವಿಜ್ಞಾನಿ ಏಸಾ ಗ್ರೇ ಪ್ರಮುಖರು. ಅವರು ಶ್ರದ್ಧಾವಂತ ಕ್ರೈಸ್ತರು. ಸ್ವತಃ ನಂಬಿಕೆ ಕಳೆದುಕೊಂಡಿದ್ದ ಡಾರ್ವಿನ್ ಕೂಡ, ಒಬ್ಬನು ದೇವರನ್ನು ಗಾಢವಾಗಿ ನಂಬುತ್ತಲೇ ವಿಕಾಸವಾದಿಯಾಗಿರಬಲ್ಲ, ಅದನ್ನು ಸಂದೇಹಿಸುವುದೇ ಅಸಂಬದ್ಧ ಎಂದು 1879ರ ಪತ್ರವೊಂದರಲ್ಲಿ ಬರೆದರು. ಉದಾಹರಣೆಯಾಗಿ ಹೆಸರಿಸಿದವರಲ್ಲಿ ಗ್ರೇ ಒಬ್ಬರು. ಪಳೆಯುಳಿಕೆಗಳೆಲ್ಲ ನೋಹನ ಕಾಲದ ಜಲಪ್ರಳಯದವು ಎಂಬ ವಾದವಾದರೋ ಇವತ್ತಿನ ರೂಪದಲ್ಲಿ ವ್ಯಾಪಕವಾಗಿ ಹರಡಿದ್ದು 1961ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪುಸ್ತಕದ ನಂತರ. ಸಭೆಯ ಆದಿಪಿತೃಗಳ ಕಾಲದಿಂದ ಬಂದ ಅಚಲ ಉಪದೇಶವೆಂದು ನಿಮ್ಮ ತಂದೆಯವರು ತಿಳಿದಿರುವುದರ ದೊಡ್ಡ ಭಾಗದ ವಯಸ್ಸು ಅಷ್ಟೇ.

ನಿಮ್ಮ ಸಹಪಾಠಿಗಳಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ವಿಕಾಸದ ಬೆಳಕಿಲ್ಲದೆ ಜೀವವಿಜ್ಞಾನದಲ್ಲಿ ಯಾವುದಕ್ಕೂ ಅರ್ಥವಿಲ್ಲ ಎಂಬ ಮಾತನ್ನು ಅವರು ಖಂಡಿತ ಕೇಳಿರುತ್ತಾರೆ. ಅದನ್ನು 1973ರಲ್ಲಿ ಬರೆದ ತಳಿವಿಜ್ಞಾನಿ ದೊಬ್ಜಾನ್ಸ್ಕಿ ಅದೇ ಲೇಖನದಲ್ಲಿ ತಾನು ಸೃಷ್ಟಿಕರ್ತನನ್ನೂ ನಂಬುತ್ತೇನೆ, ವಿಕಾಸವನ್ನೂ ಒಪ್ಪುತ್ತೇನೆ ಎಂದಿದ್ದಾರೆ. ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಕೂಡ ಕ್ರೈಸ್ತರೇ. ದೊಡ್ಡವರ ಹೆಸರು ಜೋಡಿಸಿ ದೇವರನ್ನು ಸಾಬೀತು ಮಾಡಲಾಗದು, ಒಪ್ಪುತ್ತೇನೆ. ಎರಡೂ ಒಂದೇ ತಲೆಯಲ್ಲಿ ಇರಲಾರವು ಎನ್ನುವವರಿಗೆ ಮಾತ್ರ ಇಷ್ಟು ಸಾಕು.

ಇಷ್ಟಾದರೂ ತಂದೆಯವರ ಆಕ್ಷೇಪವನ್ನು ಹಗುರವಾಗಿ ಕಾಣಬೇಡಿ. ಅವರ ಚಿಂತೆ ಬಂಡೆಗಳ ವಯಸ್ಸಿನದಲ್ಲ. ಒಬ್ಬ ಮನುಷ್ಯನಿಂದ ಪಾಪವೂ ಪಾಪದಿಂದ ಮರಣವೂ ಲೋಕಕ್ಕೆ ಬಂದವು, ಇನ್ನೊಬ್ಬನಾದ ಯೇಸುವಿನಿಂದ ಜೀವ ಬಂತು ಎಂದು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಹೇಳುತ್ತಾನೆ. ಮೊದಲನೆಯವನನ್ನು ತೆಗೆದರೆ ಎರಡನೆಯವನ ಗತಿಯೇನು? ಮನುಷ್ಯನಿಗಿಂತ ಕೋಟ್ಯಂತರ ವರ್ಷ ಮೊದಲೇ ಪ್ರಾಣಿಗಳು ಸಾಯುತ್ತಿದ್ದವು. ನಮ್ಮ ಪೂರ್ವಜರ ಸಂಖ್ಯೆ ಎಂದೂ ಇಬ್ಬರಿಗೆ ಇಳಿದಂತಿಲ್ಲ, ಸಾವಿರಗಳ ಲೆಕ್ಕದಲ್ಲೇ ಇತ್ತು ಎಂಬುದನ್ನು ತಳಿವಿಜ್ಞಾನದವರಾದ ನಿಮಗೆ ನಾನು ಹೇಳಬೇಕಿಲ್ಲ. ಕಥೋಲಿಕ ಸಭೆಯೂ ಇಲ್ಲಿ ತಡವರಿಸಿದೆ. 1950ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್, ಮನುಷ್ಯನ ದೇಹ ವಿಕಾಸದಿಂದ ಬಂತೇ ಎಂಬ ವಿಚಾರಣೆಗೆ ಅವಕಾಶ ಕೊಟ್ಟರು; ಆದಾಮ ಒಬ್ಬನಲ್ಲ, ಹಲವರು ಎಂಬ ಊಹೆಗೆ ಕೊಡಲಿಲ್ಲ. 1996ರಲ್ಲಿ ಎರಡನೆಯ ಜಾನ್ ಪಾಲ್, ವಿಕಾಸ ಬರೀ ಊಹೆಗಿಂತ ಹೆಚ್ಚಿನದು ಎಂದರು. ಆದಾಮನೆಂದರೆ ದೇವರು ಒಂದು ಸಮೂಹದಿಂದ ಆರಿಸಿಕೊಂಡ ಪ್ರತಿನಿಧಿ ಎನ್ನುವವರಿದ್ದಾರೆ, ಮನುಕುಲದ ಪಾಡನ್ನೇ ಒಬ್ಬನ ಕತೆಯಾಗಿ ಹೇಳಲಾಗಿದೆ ಎನ್ನುವವರಿದ್ದಾರೆ. ನನಗೆ ಎರಡನೆಯದು ಹೆಚ್ಚು ಸಲ್ಲುತ್ತದೆ. ಮನುಷ್ಯ ಕೆಡುಕಿನಲ್ಲಿ ಸಿಲುಕಿದ್ದಾನೆ, ಅವನಿಗೆ ಬಿಡುಗಡೆ ಬೇಕು ಎನ್ನಲು ವಂಶವೃಕ್ಷ ಬೇಡ, ದಿನಪತ್ರಿಕೆ ಸಾಕು.

ಇದಕ್ಕಿಂತ ಕಠಿಣವಾದದ್ದು ನೋವಿನ ಪ್ರಶ್ನೆ. ಜೀವಂತ ಕಂಬಳಿಹುಳುವಿನ ಒಡಲನ್ನು ತಿಂದು ಬೆಳೆಯುವ ಕಣಜದ ಮರಿಗಳನ್ನು ದಯಾಮಯನಾದ ದೇವರು ಉದ್ದೇಶಪೂರ್ವಕ ಸೃಷ್ಟಿಸಿದನೆಂದು ಒಪ್ಪಲಾರೆ ಎಂದು ಡಾರ್ವಿನ್ 1860ರಲ್ಲಿ ಅದೇ ಗ್ರೇ ಅವರಿಗೆ ಬರೆದರು. ಗ್ರೇ ಅವರ ವಿಶ್ವಾಸ ಅದರಿಂದ ಮುರಿಯಲಿಲ್ಲ. ಡಾರ್ವಿನ್ನರ ಪ್ರಶ್ನೆ ಸುಳ್ಳಾಗಲೂ ಇಲ್ಲ. ಇಂಥ ಪ್ರಶ್ನೆಯನ್ನು ಹೊತ್ತು ಮೊಣಕಾಲೂರುವುದು ಕಪಟವಲ್ಲ. ಸತ್ಯವೇದದ ಯೋಬನೂ ಕೀರ್ತನೆಗಾರರೂ ದೇವರೊಡನೆ ಜಗಳವಾಡಿಯೇ ಪ್ರಾರ್ಥಿಸಿದರು. ನೀವೂ ಸಂಶಯವನ್ನು ಬಾಗಿಲಾಚೆ ಇಟ್ಟು ಬರಬೇಡಿ, ಅದನ್ನೇ ಪ್ರಾರ್ಥನೆಯಲ್ಲಿ ಹೇಳಿ. ಮುಂದೊಮ್ಮೆ ನಿಮ್ಮ ನಂಬಿಕೆಯೇ ಬದಲಾಗಬಹುದು. ಹಾಗಾದರೂ ಅದು ನೀವು ಯೋಚಿಸಿ ತಲುಪಿದ ನಿರ್ಧಾರವಾಗಿರಲಿ, ಕೋಪದಲ್ಲಿ ಯಾರೋ ಹಾಕಿದ ಷರತ್ತಿನ ಫಲವಾಗಿ ಅಲ್ಲ.

ಇನ್ನು ಮನೆ. ವಾನರ ಪೂರ್ವಜರ ಎರಡು ವರ್ಣತಂತುಗಳು ಕೂಡಿ ಒಂದಾದುದಕ್ಕೆ ನಮ್ಮ ಎರಡನೆಯ ವರ್ಣತಂತುವಿನಲ್ಲಿ ಉಳಿದಿರುವ ಬೆಸುಗೆಯ ಗುರುತನ್ನು ವಿವರಿಸಿ ನೀವು ತಂದೆಯವರ ಬಾಯಿ ಮುಚ್ಚಿಸಬಲ್ಲಿರಿ. ಹಾಗೆ ಮಾಡಬೇಡಿ, ಸೋತವರು ಇನ್ನಷ್ಟು ಬಿಗಿಯುತ್ತಾರೆ. ನೀವು ವಿಕಾಸ ಎಂದಾಗ ಅವರಿಗೆ ಮಗಳು ವಿಶ್ವಾಸ ಬಿಟ್ಟು ಹೊರಟಂತೆ ಕೇಳಿಸಿದೆ. ಆದ್ದರಿಂದ ನೀವು ಇಂದಿಗೂ ಏನನ್ನು ನಂಬುತ್ತೀರಿ ಎಂಬುದನ್ನು ಮೊದಲು ಹೇಳಿ, ಅಮ್ಮನೂ ಇರುವಾಗ. ಆಮೇಲೆ, ‘ಅಪ್ಪ, ನಿಮಗೆ ಯಾವುದರ ಭಯ?’ ಎಂದು ಕೇಳಿ ಸುಮ್ಮನಿರಿ. ಒಂದೇ ಮಾತುಕತೆಯಲ್ಲಿ ಮುಗಿಯುವ ವಿಷಯ ಇದಲ್ಲ.

ಮಕ್ಕಳ ಪಾಠದ ವಿಷಯಕ್ಕೆ ಬಂದರೆ, ನೀವು ಸುಳ್ಳೆಂದು ತಿಳಿದದ್ದನ್ನು ಅವರಿಗೆ ಕಲಿಸಲೇಬಾರದು. ಹಾಗೆಂದು ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಕಲಿಸಲು ಬೇಕಾದಷ್ಟಿದೆ: ಲೋಕ ಒಳ್ಳೆಯದು, ಮನುಷ್ಯರೆಲ್ಲರೂ ದೇವರ ಸ್ವರೂಪವುಳ್ಳವರು, ಸುತ್ತಲಿನ ರಾಜ್ಯಗಳು ದೇವರೆಂದು ಪೂಜಿಸುತ್ತಿದ್ದ ಸೂರ್ಯಚಂದ್ರರು ಇಲ್ಲಿ ಬರೀ ಬೆಳಕುಗಳು. ಮಗುವೊಂದು ಡೈನೊಸಾರ್ ಬಗ್ಗೆ ಕೇಳಿದರೆ, ಅವು ಕೋಟ್ಯಂತರ ವರ್ಷಗಳ ಹಿಂದೆ ಬದುಕಿದ್ದವು ಎಂದೇ ಹೇಳಿ. ಆದರೆ ಇದನ್ನು ಸಂಡೇ ಸ್ಕೂಲಿನ ಮುಖ್ಯಸ್ಥರಿಗೆ ಮುಂಚಿತವಾಗಿ ತಿಳಿಸಿ, ಅವರ ಬೆನ್ನ ಹಿಂದೆ ಮಾಡಬೇಡಿ. ಭೂಮಿಗೆ ಆರು ಸಾವಿರ ವರ್ಷವೆಂದೇ ಕಲಿಸಬೇಕೆಂದು ಅವರು ಪಟ್ಟು ಹಿಡಿದರೆ ಆ ಪಾಠವನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ನೀವು ಯೇಸುವಿನ ಸಾಮ್ಯಗಳ, ಎಂದರೆ ದೃಷ್ಟಾಂತ ಕತೆಗಳ, ಪಾಠವನ್ನು ಕೇಳಿ ತೆಗೆದುಕೊಳ್ಳಿ.