ಲ್ಯಾಬ್ ಬಿಡಲಾ, ಕೋಡಿಂಗ್ ಕಲಿಯಲಾ?

ಪ್ರಶ್ನೆ: ಮೇಡಂ, ನಾನು ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಪ್ರೋಟಿಯೋಮಿಕ್ಸ್‌ನಲ್ಲಿ, ಅಂದರೆ ಜೀವಕೋಶದ ಪ್ರೋಟೀನುಗಳನ್ನೆಲ್ಲ ಒಟ್ಟಾಗಿ ಅಧ್ಯಯನ ಮಾಡುವ ಕ್ಷೇತ್ರದಲ್ಲಿ, ಪಿಎಚ್.ಡಿ. ಮಾಡುವ ಆಸೆ. ಸೀನಿಯರ್‌ಗಳು ಮಾತ್ರ ‘ಲ್ಯಾಬಲ್ಲಿ ಯಾಕೆ ಒದ್ದಾಡ್ತೀಯಾ, ಬಯೋಇನ್ಫರ್ಮ್ಯಾಟಿಕ್ಸ್ ತಗೋ’ ಎನ್ನುತ್ತಾರೆ. ಅದು ಕಂಪ್ಯೂಟರಿನಲ್ಲಿ ಜೀವವಿಜ್ಞಾನದ ಡೇಟಾ ವಿಶ್ಲೇಷಿಸುವ ಕೆಲಸ; ನನಗೋ ಒಂದು ಸಾಲು ಕೋಡ್ ಬರೆಯಲೂ ಬರುವುದಿಲ್ಲ. ಏನು ಮಾಡಲಿ?

ಉತ್ತರ: ಮೊದಲು ನನ್ನ ಪೆದ್ದುತನ ಒಂದನ್ನು ಹೇಳಿಬಿಡುತ್ತೇನೆ. ಪಿಎಚ್.ಡಿ.ಯ ಮೊದಲ ವರ್ಷ. ಮೂರು ವಾರ ಜೀವಕೋಶ ಬೆಳೆಸಿ, ಪ್ರೋಟೀನ್ ತೆಗೆದು, ಜೆಲ್‌ನಲ್ಲಿ ಓಡಿಸಿ ಗಾತ್ರದ ಪ್ರಕಾರ ಬೇರ್ಪಡಿಸಿ, ಬೇಕಾದ ಬ್ಯಾಂಡ್ (ಪಟ್ಟೆ) ಕತ್ತರಿಸಿ, ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ, ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟೆ. ರಿಸಲ್ಟ್ ಬಂತು. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕೆರಟಿನ್. ಅದರ ಕೆಳಗೆ ಇನ್ನೊಂದು ಕೆರಟಿನ್. ಚರ್ಮ, ಕೂದಲಿನಲ್ಲಿರುವ ಪ್ರೋಟೀನ್ ಅದು. ಯಾರದು ಅಂತೀರಿ? ನನ್ನದೇ! ಗ್ಲೌಸ್ ಹಾಕಿದ ಕೈಯಲ್ಲೇ ಮುಂಗುರುಳು ಸರಿಸಿ, ಅದೇ ಕೈಯಲ್ಲಿ ಜೆಲ್ ಕತ್ತರಿಸಿದ್ದೆ.

ಪ್ರೋಟೀನ್ ಗುರುತಿಸುವ ಸಾಫ್ಟ್‌ವೇರ್ ಪಾಪ, ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಈ ಪ್ರೋಟೀನ್ ಇಲ್ಲಿಗೆ ಹೇಗೆ ಬಂತು ಅಂತ ಅದಕ್ಕೇನು ಗೊತ್ತು? ಅದಕ್ಕೇ ಲ್ಯಾಬ್ ಬಿಡಬೇಡಿ. ಸ್ಯಾಂಪಲ್ ಮುಟ್ಟಿ ಗೊತ್ತಿದ್ದವರಿಗೆ ಡೇಟಾ ನೋಡಿದ ಕೂಡಲೇ ಅನುಮಾನ ಬರುತ್ತದೆ.

ಇನ್ನು ಕೋಡಿಂಗ್ ಭಯ. ಟ್ರಿಪ್ಸಿನ್ ಪ್ರೋಟೀನನ್ನು ಲೈಸಿನ್, ಆರ್ಜಿನಿನ್ ಎಂಬ ಅಮೈನೋ ಆಮ್ಲಗಳಿರುವ ಕಡೆ ತುಂಡು ಮಾಡುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮೆಷಿನ್ ಆ ತುಂಡುಗಳನ್ನು ತೂಗುತ್ತದೆ, ಮತ್ತೆ ಒಡೆದು ಆ ಚೂರುಗಳನ್ನೂ ತೂಗುತ್ತದೆ. ಗೊತ್ತಿರುವ ಪ್ರೋಟೀನುಗಳ ಡೇಟಾಬೇಸ್‌ನಲ್ಲಿರುವ ಯಾವ ತುಂಡಿಗೆ ಈ ತೂಕಗಳು ಹೊಂದುತ್ತವೆ ಅಂತ ಸಾಫ್ಟ್‌ವೇರ್ ಹುಡುಕುತ್ತದೆ. ಸುಮ್ನೆ ಅದೃಷ್ಟಕ್ಕೆ ಹೊಂದಿಬಿಡುವುದೂ ಉಂಟು. ಅದನ್ನು ಹಿಡಿಯಲು ಒಂದು ಚಂದದ ಉಪಾಯವಿದೆ. ಅದೇ ಪ್ರೋಟೀನುಗಳ ಸೀಕ್ವೆನ್ಸ್‌ಗಳನ್ನು (ಅಮೈನೋ ಆಮ್ಲಗಳ ಸಾಲುಗಳನ್ನು) ಹಿಂದುಮುಂದಾಗಿ ಬರೆದು, ಇಲ್ಲದ ಪ್ರೋಟೀನುಗಳನ್ನು ಡೇಟಾಬೇಸಿಗೆ ಬೆರೆಸಿಡುತ್ತಾರೆ. ಈ ಸುಳ್ಳು ಪ್ರೋಟೀನುಗಳು ಎಷ್ಟು ಸಲ ಸಿಕ್ಕವು ಎಂಬುದರ ಮೇಲೆ ನಮ್ಮ ಪಟ್ಟಿಯಲ್ಲಿ ಎಷ್ಟು ತಪ್ಪಿರಬಹುದು ಅಂತ ಅಂದಾಜು ಮಾಡುತ್ತಾರೆ. ಸಾಮಾನ್ಯವಾಗಿ ಶೇ. 1ರಷ್ಟು ತಪ್ಪಿಗೆ ಒಪ್ಪುತ್ತಾರೆ. ನಿಮಗೆ ಇದು ಅರ್ಥವಾಯಿತು, ಅಲ್ವಾ? ಒಂದು ಸಾಲು ಕೋಡೂ ಬೇಕಾಗಲಿಲ್ಲ.

ಆದರೂ ಆರ್ ಅಥವಾ ಪೈಥಾನ್, ಒಂದು ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ಎಕ್ಸೆಲ್‌ನಲ್ಲೇ ನಿಭಾಯಿಸ್ತೀನಿ ಅನ್ನಬೇಡಿ. ಸೆಪ್ಟ್2 ಎಂಬ ಜೀನ್ ಅದರ ಕಣ್ಣಿಗೆ ಸೆಪ್ಟೆಂಬರ್ 2! ಈ ಕಾಟಕ್ಕೆ ಬೇಸತ್ತು ಆ ಜೀನಿನ ಹೆಸರನ್ನೇ ಸೆಪ್ಟಿನ್2 ಅಂತ ಬದಲಿಸಬೇಕಾಯಿತು. ಪ್ರೈಡ್ ಎಂಬ ಸಾರ್ವಜನಿಕ ಸಂಗ್ರಹದಲ್ಲಿ ಪ್ರಕಟವಾದ ಸಂಶೋಧನೆಗಳ ಡೇಟಾ ಉಚಿತವಾಗಿ ಸಿಗುತ್ತದೆ. ಒಂದು ಚಿಕ್ಕ ಸೆಟ್ ಇಳಿಸಿಕೊಳ್ಳಿ. ಮ್ಯಾಕ್ಸ್‌ಕ್ವಾಂಟ್ ಎಂಬ ವಿಶ್ಲೇಷಣೆಯ ಸಾಫ್ಟ್‌ವೇರ್‌ನಲ್ಲಿ ಹಾಕಿ, ಅದೂ ಉಚಿತವೇ. ಲೇಖಕರಿಗೆ ಸಿಕ್ಕ ಪಟ್ಟಿ ನಿಮಗೂ ಸಿಗುತ್ತದಾ ನೋಡಿ. ಪಟ್ಟಿಯಲ್ಲಿ ಕೆಲವು ಕಡೆ ಅಂಕಿಯಿಲ್ಲದ ಖಾಲಿ ಮನೆಗಳು ಕಾಣುತ್ತವೆ. ಅಲ್ಲಿ ಪ್ರೋಟೀನ್ ಇರಲಿಲ್ಲವೋ, ಇದ್ದರೂ ಮೆಷಿನ್‌ಗೆ ಕಾಣಲಿಲ್ಲವೋ? ಅವಸರಕ್ಕೆ ಸೊನ್ನೆ ತುಂಬಬೇಡಿ. ಈ ಪ್ರಶ್ನೆ ನಿಮ್ಮ ನಿದ್ದೆ ಕೆಡಿಸಿದರೆ ಈ ಕ್ಷೇತ್ರ ನಿಮ್ಮದು. ಬೇಜಾರು ಬಂದರೆ ಈಗಲೇ ಗೊತ್ತಾಯಿತಲ್ಲ, ಅದೂ ಒಳ್ಳೆಯದೇ.

ಯಾವುದೇ ಲ್ಯಾಬ್ ಸೇರುವ ಮುಂಚೆ ಗೈಡನ್ನಲ್ಲ, ಅಲ್ಲಿ ಮೂರನೇ ವರ್ಷದಲ್ಲಿರುವ ವಿದ್ಯಾರ್ಥಿಯನ್ನು ಕೇಳಿ: ‘ಮೆಷಿನ್ ಮುಟ್ಟೋಕೆ ಬಿಡ್ತಾರಾ? ಮೆಷಿನ್ ಕೊಡುವ ರಾ ಫೈಲ್ ನಿಮ್ಮ ಕೈಗೆ ಬರುತ್ತಾ, ಇಲ್ಲಾ ಬರೀ ಎಕ್ಸೆಲ್ ಶೀಟಾ?’ ಬರೀ ಶೀಟು ಅಂದರೆ ಬೇರೆ ಲ್ಯಾಬ್ ನೋಡಿ.