ಕೋಕಾ ಎಡವುವುದು ಕಡತದಲ್ಲಿ

‘ಕೋಕಾ ಹಾಕಿದ ಮೇಲೂ ರೌಡಿಗಳು ಜಾಮೀನು ಪಡೆದು ಮೆರವಣಿಗೆಯಲ್ಲಿ ಮನೆಗೆ ಹೋಗುತ್ತಾರೆ. ಕಾನೂನನ್ನು ಇನ್ನಷ್ಟು ಬಿಗಿ ಮಾಡಬಾರದೇ?’ ಎಂದು ದಾವಣಗೆರೆಯ ಓದುಗರು ಕೇಳಿದ್ದಾರೆ.

ಸಂಪಾದಕರ ಉತ್ತರ: ಬಿಗಿಗೆ ಕೊರತೆಯಿಲ್ಲ. ಕೋಕಾ, ಅಂದರೆ ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆಯಡಿ, ಬಂಧನಕ್ಕೆ ಮುನ್ನವೇ ಪಡೆಯುವ ನಿರೀಕ್ಷಣಾ ಜಾಮೀನೇ ಇಲ್ಲ. ಎಸ್‌ಪಿ ದರ್ಜೆಯ ಅಧಿಕಾರಿ ದಾಖಲಿಸಿಕೊಂಡ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತದೆ. ಭಯೋತ್ಪಾದನೆ ಪ್ರಕರಣಗಳಿಗೆ ಬಳಸುವ ಯುಎಪಿಎ ಕಾಯ್ದೆಯಲ್ಲೂ ತಪ್ಪೊಪ್ಪಿಗೆಗೆ ಈ ಅವಕಾಶವಿಲ್ಲ. ಪ್ರಕರಣ ಕುಸಿಯುವುದು ಕಡತ ಕಟ್ಟುವ ಹಂತದಲ್ಲೇ.

ಮೊದಲು ಲೆಕ್ಕ ತಪ್ಪುತ್ತದೆ. ಕೋಕಾ ಹಾಕಬೇಕಾದರೆ ಹಿಂದಿನ 10 ವರ್ಷಗಳಲ್ಲಿ, 3 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ, ಒಂದಕ್ಕಿಂತ ಹೆಚ್ಚು ಆರೋಪಪಟ್ಟಿ ಸಲ್ಲಿಕೆಯಾಗಿ ಕೋರ್ಟು ಕಾಗ್ನಿಜೆನ್ಸ್ ತೆಗೆದುಕೊಂಡಿರಬೇಕು, ಅಂದರೆ ಪ್ರಕರಣವನ್ನು ವಿಚಾರಣೆಗೆ ಪರಿಗಣಿಸಿರಬೇಕು. ರೌಡಿಶೀಟ್ ಎಷ್ಟು ದಪ್ಪವಿದ್ದರೂ, ಎಫ್‌ಐಆರ್ ಎಷ್ಟಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಹಾಗೆಂದು ಪ್ರತಿ ಆರೋಪಿಯ ಮೇಲೂ ಎರಡು ಕೇಸು ಇರಲೇಬೇಕೆಂದಿಲ್ಲ, ಅವರು ಸೇರಿದ ಅಪರಾಧ ಕೂಟದ ಮೇಲಿದ್ದರೆ ಸಾಕು. ಗೌರಿ ಲಂಕೇಶ್ ಹತ್ಯೆ ಪ್ರಕರಣದಲ್ಲಿ ಹೈಕೋರ್ಟ್ ಒಬ್ಬ ಆರೋಪಿಯ ಮೇಲಿನ ಕೋಕಾ ಆರೋಪವನ್ನು ರದ್ದು ಮಾಡಿತ್ತು. 2021ರ ಅಕ್ಟೋಬರ್ 21ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು: ಕೋಕಾ ದಾಖಲಿಸಲು ಹಿರಿಯ ಪೊಲೀಸ್ ಅಧಿಕಾರಿ ಕೊಡುವ ಪೂರ್ವಾನುಮತಿಯ ಹಂತದಲ್ಲಿ ನೋಡಬೇಕಾದದ್ದು ಸಂಘಟಿತ ಅಪರಾಧ ನಡೆದ ಮಾಹಿತಿಯನ್ನು; ಕೂಟಕ್ಕೆ ನೆರವು, ಆಶ್ರಯ ಕೊಟ್ಟವರಿಗೆ ಹಳೆಯ ಕೇಸುಗಳ ಷರತ್ತೇ ಅನ್ವಯಿಸದು.

ಅನುಮತಿ ಎರಡು ಬೇಕು. ಪ್ರಕರಣ ದಾಖಲಿಸುವ ಮುನ್ನ ಡಿಐಜಿ ದರ್ಜೆಗೆ ಕಡಿಮೆಯಿಲ್ಲದವರದ್ದು, ವಿಶೇಷ ನ್ಯಾಯಾಲಯ ಕಾಗ್ನಿಜೆನ್ಸ್ ತೆಗೆದುಕೊಳ್ಳುವ ಮುನ್ನ ಎಡಿಜಿಪಿ ದರ್ಜೆಯವರದ್ದು. ‘ಪರಿಶೀಲಿಸಿದೆ, ಅನುಮತಿಸಿದೆ’ ಎಂಬ ಒಂದು ಸಾಲಿನ ಆದೇಶ ಪ್ರತಿವಾದಿ ವಕೀಲರಿಗೆ ಸಿಗುವ ಮೊದಲ ಅಸ್ತ್ರ.

ಇನ್ನು ಆರೋಪಪಟ್ಟಿ ಸಲ್ಲಿಸಲು ಇರುವ 90 ದಿನಗಳ ಗಡುವು. ಅದನ್ನು 180 ದಿನಕ್ಕೆ ವಿಸ್ತರಿಸಲು ತನಿಖಾಧಿಕಾರಿಯ ಅರ್ಜಿ ಸಾಲದು. ಸರ್ಕಾರಿ ಅಭಿಯೋಜಕರು ತನಿಖೆಯ ಪ್ರಗತಿ, ಬಂಧನ ಮುಂದುವರಿಸಲು ಕಾರಣ ಎರಡನ್ನೂ ಸ್ವತಃ ಯೋಚಿಸಿ ವರದಿ ಕೊಡಬೇಕು. ವಿಸ್ತರಣೆ ಕೇಳುವ ದಿನ ಆರೋಪಿಯನ್ನು ಕೋರ್ಟಿನ ಮುಂದೆ ಹಾಜರುಪಡಿಸಲೂ ಬೇಕು. ಗುಜರಾತಿನ ಇಂಥದೇ ಕಾಯ್ದೆಯ ಪ್ರಕರಣವೊಂದರಲ್ಲಿ ಹಾಜರುಪಡಿಸದ್ದರಿಂದಲೇ 2022ರಲ್ಲಿ ಸುಪ್ರೀಂ ಕೋರ್ಟ್ ಡೀಫಾಲ್ಟ್ ಜಾಮೀನು, ಅಂದರೆ ಗಡುವಿನೊಳಗೆ ಆರೋಪಪಟ್ಟಿ ಬರದಿದ್ದರೆ ಆರೋಪಿಗೆ ಹಕ್ಕಾಗಿ ಸಿಗುವ ಜಾಮೀನು, ಕೊಟ್ಟಿತು. ಅಪರಾಧ ಎಷ್ಟು ಘೋರ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ನಮ್ಮನ್ನು ಕಾಡುತ್ತಿರುವ ಆತಂಕ ಬೇರೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಮಿನಲ್ಲೂ ಸಂಘಟಿತ ಅಪರಾಧ ಸೇರಿದೆ. ಜೀವಹಾನಿಯಾದರೆ ಮರಣದಂಡನೆಯವರೆಗೂ ಶಿಕ್ಷೆಯಿದೆ. ಭಯೋತ್ಪಾದನೆಯ 113ನೇ ಕಲಮಿಗಾದರೂ ಎಸ್‌ಪಿ ದರ್ಜೆಯ ಅಧಿಕಾರಿಯ ತೀರ್ಮಾನ ಬೇಕು. 111ಕ್ಕೆ ಅಂಥ ತಡೆಯೇ ಇಲ್ಲ, ಠಾಣೆಯಲ್ಲೇ ದಾಖಲಿಸಬಹುದು. ತಿದ್ದುಪಡಿ ಕೇಳುವುದಾದರೆ ಮೊದಲು ಅಲ್ಲಿಗೆ ಡಿಐಜಿ ಪೂರ್ವಾನುಮತಿ ಸೇರಿಸಿ ಎಂದು ಕೇಳಬೇಕು.