ದೊಡ್ಡ ಫೈಲ್ ಅರ್ಧಕ್ಕೇ ನಿಲ್ಲುವುದೇಕೆ?

ಪ್ರಶ್ನೆ: ನಮ್ಮ ತಾಣ ಪಿಎಚ್‌ಪಿ ಭಾಷೆಯಲ್ಲಿದೆ, ಅದರ ಮುಂದೆ ಕೋರಿಕೆಗಳನ್ನು ಮೊದಲು ಪಡೆಯುವ ವೆಬ್ ಸರ್ವರ್ ಎಂಜಿನ್‌ಎಕ್ಸ್. 300 ಎಂಬಿ ವಿಡಿಯೊ ಅಪ್‌ಲೋಡ್ ಮಾಡಿದರೆ 413 (ಕಳಿಸಿದ್ದು ಮಿತಿಗಿಂತ ದೊಡ್ಡದು) ಎಂಬ ದೋಷ ಬರುತ್ತಿತ್ತು. ಎಂಜಿನ್‌ಎಕ್ಸ್‌ನ ಮಿತಿಯನ್ನೂ ಪಿಎಚ್‌ಪಿಯ ಅಪ್‌ಲೋಡ್_ಮ್ಯಾಕ್ಸ್_ಫೈಲ್‌ಸೈಜ್ ಅನ್ನೂ 500 ಎಂಬಿಗೆ ಏರಿಸಿದೆ. ಈಗ ಫೈಲ್ ಪೂರ್ತಿ ಹೋಗುತ್ತದೆ, ಆಮೇಲೆ ನಮ್ಮದೇ ಕೋಡ್ ‘ಫೈಲ್ ಆಯ್ಕೆ ಮಾಡಿಲ್ಲ’ ಎನ್ನುತ್ತದೆ!
— ಓದುಗರು, ದಾವಣಗೆರೆ

ಉತ್ತರ: ಪೋಸ್ಟ್_ಮ್ಯಾಕ್ಸ್_ಸೈಜ್ (ಒಂದು ಕೋರಿಕೆಯಲ್ಲಿ ಬರುವ ಒಟ್ಟು ಡೇಟಾದ ಮಿತಿ) ಬದಲಿಸುವುದು ಬಿಟ್ಟುಹೋಗಿದೆ. ಅದರ ಮೂಲ ಮೌಲ್ಯ 8 ಎಂಬಿ. ಬಂದದ್ದು ಅದನ್ನು ಮೀರಿದರೆ ಪಿಎಚ್‌ಪಿ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರೆದು, ಪೋಸ್ಟ್ (ಫಾರಂನ ಮಾಹಿತಿ) ಮತ್ತು ಫೈಲ್ಸ್ (ಫೈಲ್‌ಗಳ ವಿವರ) ಅರೇಗಳೆರಡನ್ನೂ ಖಾಲಿಯಾಗಿಯೇ ನಿಮ್ಮ ಕೋಡ್‌ಗೆ ಕೊಡುತ್ತದೆ. ಅದಕ್ಕೇ ಈ ವಿಚಿತ್ರ ಸಂದೇಶ. ಫೈಲ್ ಜೊತೆ ಫಾರಂನ ಉಳಿದ ಅಂಕಣಗಳೂ ಇದರಲ್ಲೇ ಹಿಡಿಸಬೇಕಾದ್ದರಿಂದ ಇದನ್ನು 520 ಎಂಬಿ ಇಡಿ, ಪಿಎಚ್‌ಪಿ-ಎಫ್‌ಪಿಎಂ (ಪಿಎಚ್‌ಪಿ ಕೋಡ್ ಓಡಿಸುವ ಸೇವೆ) ಅನ್ನು ರೀಸ್ಟಾರ್ಟ್ ಮಾಡಿ. ಬದಲಾವಣೆ ಹತ್ತಿದೆಯೇ ಎಂದು ಟರ್ಮಿನಲ್‌ನಲ್ಲಿ ನೋಡಬೇಡಿ. ಅಲ್ಲಿನ ಪಿಎಚ್‌ಪಿ ಸಾಮಾನ್ಯವಾಗಿ ಬೇರೆಯೇ ಐಎನ್‌ಐ (ಸೆಟ್ಟಿಂಗ್) ಫೈಲ್ ಓದುತ್ತದೆ. ಬ್ರೌಸರ್‌ನಲ್ಲಿ ಪಿಎಚ್‌ಪಿಇನ್ಫೊ (ಈಗಿನ ಸೆಟ್ಟಿಂಗ್‌ಗಳನ್ನು ತೋರಿಸುವ ಪುಟ) ತೆರೆದು ನೋಡಿ, ನೋಡಿದ ಮೇಲೆ ಆ ಪುಟವನ್ನು ಅಳಿಸಿಬಿಡಿ.

ಡಿಸ್ಕ್ ಜಾಗವನ್ನೂ ಲೆಕ್ಕ ಹಾಕಿಕೊಳ್ಳಿ. ಎಂಜಿನ್‌ಎಕ್ಸ್ ಮೊದಲು ಇಡೀ ಫೈಲನ್ನು ತನ್ನ ತಾತ್ಕಾಲಿಕ ಫೋಲ್ಡರ್‌ನಲ್ಲಿ ಬರೆದುಕೊಳ್ಳುತ್ತದೆ, ನಂತರ ಪಿಎಚ್‌ಪಿ ತನ್ನದರಲ್ಲಿ ಮತ್ತೊಮ್ಮೆ ಬರೆಯುತ್ತದೆ. ಹತ್ತು ಜನ ಒಟ್ಟಿಗೆ 300 ಎಂಬಿ ಕಳಿಸಿದರೆ ಸುಮಾರು 6 ಜಿಬಿ. ಟಿಎಂಪಿ (ತಾತ್ಕಾಲಿಕ) ಫೋಲ್ಡರ್ ರ‍್ಯಾಮ್‌ನಲ್ಲಿದ್ದರೆ ತಿನ್ನುವುದು ಮೆಮೊರಿಯನ್ನೇ.

ಇಷ್ಟಾದರೂ 2 ಎಂಬಿಪಿಎಸ್ ಅಪ್‌ಲೋಡ್ ವೇಗದವರಿಗೆ 300 ಎಂಬಿ ಕಳಿಸಲು 20 ನಿಮಿಷ ಬೇಕು. ಹತ್ತೊಂಬತ್ತನೇ ನಿಮಿಷದಲ್ಲಿ ನೆಟ್ ಹೋದರೆ ಮೊದಲಿನಿಂದ. ಮಿತಿ ಏರಿಸುತ್ತ ಹೋಗುವುದಕ್ಕಿಂತ ಬ್ರೌಸರ್‌ನಲ್ಲೇ ಫೈಲನ್ನು 5 ಎಂಬಿ ತುಂಡುಗಳಾಗಿ ಕತ್ತರಿಸಿ ಕಳಿಸುವುದೇ ಸರಿಯಾದ ದಾರಿ. ಎಷ್ಟನೇ ಬೈಟ್‌ವರೆಗೆ ಬಂದಿದೆ ಎಂಬುದನ್ನು ಸರ್ವರ್ ನೆನಪಿಟ್ಟುಕೊಂಡರೆ ಅಲ್ಲಿಂದಲೇ ಮುಂದುವರಿಸಬಹುದು. ಟಸ್ ಎಂಬ ಪ್ರೋಟೊಕಾಲ್ ಇದಕ್ಕೆಂದೇ ಇದೆ, ಸಿದ್ಧ ಲೈಬ್ರರಿಗಳೂ ಸಿಗುತ್ತವೆ. ಆಗ ಸರ್ವರ್ ಮಿತಿ 10 ಎಂಬಿ ಇದ್ದರೂ ನಡೆಯುತ್ತದೆ.

ಪ್ರಶ್ನೆ: ಜ್ಯಾಂಗೊ (ಪೈಥಾನ್ ವೆಬ್ ಚೌಕಟ್ಟು), ಗುನಿಕಾರ್ನ್ (ಅದನ್ನು ಓಡಿಸುವ ಸರ್ವರ್), ಎಂಜಿನ್‌ಎಕ್ಸ್ ಬಳಸುತ್ತೇವೆ. 2 ಜಿಬಿ ಜಿಪ್ ಫೈಲ್ ಆಫೀಸಿನಲ್ಲಿ ಸರಿಯಾಗಿ ಇಳಿಯುತ್ತದೆ, ಗ್ರಾಹಕರಲ್ಲಿ 1 ಜಿಬಿ ದಾಟಿ ಸ್ವಲ್ಪಕ್ಕೇ ತುಂಡಾಗುತ್ತದೆ.
— ಓದುಗರು, ಉಡುಪಿ

ಉತ್ತರ: ಆ 1 ಜಿಬಿ ಕಾಕತಾಳೀಯವಲ್ಲ. ಎಂಜಿನ್‌ಎಕ್ಸ್‌ನ ಪ್ರಾಕ್ಸಿ_ಮ್ಯಾಕ್ಸ್_ಟೆಂಪ್_ಫೈಲ್_ಸೈಜ್ (ತಾತ್ಕಾಲಿಕ ಫೈಲಿನ ಗರಿಷ್ಠ ಗಾತ್ರ) ಮೂಲತಃ 1024 ಎಂಬಿ. ಗುನಿಕಾರ್ನ್ ವೇಗವಾಗಿ ಕೊಡುತ್ತದೆ, ಗ್ರಾಹಕರು ನಿಧಾನವಾಗಿ ಎಳೆಯುತ್ತಾರೆ. ನಡುವಿನದೆಲ್ಲ ತಾತ್ಕಾಲಿಕ ಫೈಲ್‌ಗೆ ಸೇರಿ, 1 ಜಿಬಿ ತುಂಬಿದ ಕೂಡಲೇ ಎಂಜಿನ್‌ಎಕ್ಸ್ ಓದುವುದನ್ನು ನಿಲ್ಲಿಸುತ್ತದೆ. ಗುನಿಕಾರ್ನ್‌ನ ಸಿಂಕ್ ವರ್ಕರ್ (ಒಂದು ಸಲಕ್ಕೆ ಒಂದೇ ಕೋರಿಕೆ ನೋಡುವ ಪ್ರಕ್ರಿಯೆ) ಅಲ್ಲೇ ಸಿಕ್ಕಿಕೊಳ್ಳುತ್ತದೆ; 30 ಸೆಕೆಂಡ್ ಅದರ ಸದ್ದಿಲ್ಲದಿದ್ದರೆ ಮಾಸ್ಟರ್ (ವರ್ಕರ್‌ಗಳನ್ನು ನೋಡಿಕೊಳ್ಳುವ ಮುಖ್ಯ ಪ್ರಕ್ರಿಯೆ) ಅದನ್ನು ಕೊಂದುಹಾಕುತ್ತದೆ. ಗುನಿಕಾರ್ನ್ ಲಾಗ್‌ನಲ್ಲಿ ‘ವರ್ಕರ್ ಟೈಮ್‌ಔಟ್’ ಕಾಣುತ್ತಿದ್ದರೆ ಕಾರಣ ಇದೇ. ಆಫೀಸಿನ ಲೈನ್ ವೇಗದ್ದು, ಅಲ್ಲಿ ತಾತ್ಕಾಲಿಕ ಫೈಲ್ ತುಂಬುವುದೇ ಇಲ್ಲ.

ಮಿತಿಯನ್ನು 0 ಮಾಡಿ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. ಹಾಗೆ ಮಾಡಿದರೆ ವರ್ಕರ್ ಮೊದಲಿನಿಂದಲೇ ಗ್ರಾಹಕರ ವೇಗಕ್ಕೆ ಕಟ್ಟುಬೀಳುತ್ತದೆ, ಇನ್ನೂ ಬೇಗ ಸಾಯುತ್ತದೆ. ಫೈಲ್ ಕೊಡುವ ಕೆಲಸವನ್ನೇ ಜ್ಯಾಂಗೊದಿಂದ ತೆಗೆಯಿರಿ. ವ್ಯೂನಲ್ಲಿ (ಕೋರಿಕೆಗೆ ಉತ್ತರಿಸುವ ಜ್ಯಾಂಗೊ ಕೋಡ್) ಲಾಗಿನ್, ಅನುಮತಿ ಪರೀಕ್ಷಿಸಿ, ಎಕ್ಸ್-ಆ್ಯಕ್ಸೆಲ್-ರೀಡೈರೆಕ್ಟ್ ಹೆಡರ್ ಇರುವ ಖಾಲಿ ಉತ್ತರ ಕಳಿಸಿ; ಅದನ್ನು ಕಂಡು ಎಂಜಿನ್‌ಎಕ್ಸ್ ತಾನೇ ಫೈಲ್ ಕೊಡುತ್ತದೆ. ವರ್ಕರ್ ಆ ಕ್ಷಣವೇ ಬಿಡುವಾಗುತ್ತದೆ. ಎಂಜಿನ್‌ಎಕ್ಸ್‌ನಲ್ಲಿ ಅದಕ್ಕೊಂದು ಲೊಕೇಶನ್ (ಒಂದು ವಿಳಾಸಕ್ಕೆ ಸೇರಿದ ಸೆಟ್ಟಿಂಗ್ ಭಾಗ) ಮಾಡಿ ‘ಇಂಟರ್ನಲ್’ ಎಂದು ಗುರುತಿಸಿ, ಇಲ್ಲವಾದರೆ ವಿಳಾಸ ಗೊತ್ತಿದ್ದ ಯಾರು ಬೇಕಾದರೂ ನೇರ ಇಳಿಸಿಕೊಳ್ಳಬಹುದು. ಹೆಡರ್‌ನಲ್ಲಿ ಬರೆಯಬೇಕಾದ್ದು ಆ ಲೊಕೇಶನ್‌ನ ವಿಳಾಸ, ಡಿಸ್ಕ್‌ನ ಪಾತ್ ಅಲ್ಲ. 404 ಬಂದರೆ ಮೊದಲು ಇದನ್ನೇ ನೋಡಿ, ಆಮೇಲೆ ಏಲಿಯಸ್ (ಆ ವಿಳಾಸವನ್ನು ಡಿಸ್ಕ್‌ನ ಫೋಲ್ಡರ್‌ಗೆ ಜೋಡಿಸುವ) ಸಾಲಿನ ಕೊನೆಯ ಸ್ಲ್ಯಾಶ್ ನೋಡಿ. ಇನ್ನೊಂದು ಲಾಭ: ಎಂಜಿನ್‌ಎಕ್ಸ್ ರೇಂಜ್ (ಫೈಲಿನ ಒಂದು ಭಾಗವನ್ನಷ್ಟೇ ಕೇಳುವ) ಕೋರಿಕೆಗಳಿಗೆ ತಾನೇ 206 (ಭಾಗಶಃ) ಉತ್ತರ ಕೊಡುವುದರಿಂದ, ಅರ್ಧಕ್ಕೆ ನಿಂತ ಡೌನ್‌ಲೋಡ್ ನಿಂತಲ್ಲಿಂದ ಮುಂದುವರಿಯುತ್ತದೆ.